ಬೀಟಲ್‌ಗೆ ಹೊಸ ಮಡ್‌ಗಾರ್ಡ್, ಬಾಗಿಲು, ಬೀಡಿಂಗ್, ಸ್ಟ್ರಿಪ್: ಬಿಚ್ಚುವುದರಿಂದ ಕೊನೆಯ ಬೋಲ್ಟ್‌ವರೆಗೆ ಸಮಗ್ರ ಮಾರ್ಗದರ್ಶಿ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರಿಗೆ ಒಂದು ದೊಡ್ಡ ಅನುಕೂಲ ಇದೆ. ಅದರ ನಾಲ್ಕೂ ಮಡ್‌ಗಾರ್ಡ್‌ಗಳು ಬೋಲ್ಟ್ ಮೇಲೆ ನಿಂತಿವೆ. ಬೇರೆ ಎಷ್ಟೋ ಕಾರುಗಳಲ್ಲಿ ಹಿಂದಿನ ಮಡ್‌ಗಾರ್ಡ್ ಬಾಡಿಗೇ ವೆಲ್ಡ್ ಆಗಿರುತ್ತದೆ, ಬದಲಿಸಬೇಕಾದರೆ ಕತ್ತರಿಸಲೇಬೇಕು. ಬೀಟಲ್‌ನಲ್ಲಿ 13ರ ಸ್ಪಾನರ್ ಇದ್ದರೆ ಅರ್ಧ ಕೆಲಸ ಆದ ಹಾಗೆ. 2003ರ ಜುಲೈ 30ರಂದು ಮೆಕ್ಸಿಕೋದ ಪ್ವೆಬ್ಲಾ ಕಾರ್ಖಾನೆಯಿಂದ ಕೊನೆಯ ಕಾರು ಹೊರಬರುವ ಹೊತ್ತಿಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಬೀಟಲ್‌ಗಳು ತಯಾರಾಗಿದ್ದವು. ಹಾಗಾಗಿ ಪ್ಯಾನೆಲ್‌ಗಳು ಈಗಲೂ ಹೊಸದಾಗಿಯೇ ಸಿಗುತ್ತವೆ. ಆದರೆ ಹೊಸದು ಅಂತ ತಂದದ್ದು ತಂದ ಹಾಗೇ ಕೂರುವುದಿಲ್ಲ. ತಕರಾರು ಶುರುವಾಗುವುದೇ ಅಲ್ಲಿ.

ನನ್ನ ಹಟ ಒಂದೇ. ಬಣ್ಣ ಹೊಡೆಯುವ ಮುಂಚೆ ಕಾರನ್ನು ಪೂರ್ತಿ ಜೋಡಿಸಿ ನೋಡಬೇಕು. ಪೂರ್ತಿ ಅಂದರೆ ಪೂರ್ತಿ: ಬೀಡಿಂಗ್ (ಬಾಡಿಗೂ ಮಡ್‌ಗಾರ್ಡ್‌ಗೂ ನಡುವೆ ಕೂರುವ ಪಟ್ಟಿ), ಹೆಡ್‌ಲ್ಯಾಂಪ್, ಬಂಪರ್, ಫುಟ್‌ಬೋರ್ಡ್, ಪಕ್ಕದ ಹೊಳೆಯುವ ಸ್ಟ್ರಿಪ್ ಎಲ್ಲವೂ. ಆಮೇಲೆ ಬಿಚ್ಚಿ, ಬಣ್ಣ ಹೊಡೆದು, ಮತ್ತೆ ಜೋಡಿಸುವುದು. ಗ್ಯಾರೇಜಿನವರು "ಎರಡೆರಡು ಸಲ ಯಾಕೆ ಸಾರ್ ಕೆಲಸ?" ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ. ಬಣ್ಣ ಹೊಡೆದ ಮೇಲೆ ತೂತು ಉಜ್ಜಿ ದೊಡ್ಡದು ಮಾಡುವುದಕ್ಕಿಂತ ಇದು ಅಗ್ಗ.

ಮೊದಲು ಕಾರು ಯಾವ ವರ್ಷದ್ದು ಅಂತ ಖಚಿತ ಮಾಡಿಕೊಳ್ಳಿ

ನೋಡಲು ಎಲ್ಲ ಬೀಟಲ್‌ಗಳೂ ಒಂದೇ. ಮಡ್‌ಗಾರ್ಡ್ ಮಾತ್ರ ಒಂದೇ ಅಲ್ಲ. ಆರ್‌ಸಿಯಲ್ಲಿ ಇರುವ ವರ್ಷವನ್ನು ನಂಬಿ ಆರ್ಡರ್ ಮಾಡಬೇಡಿ. ಎಷ್ಟೋ ಸಲ ಅದು ನೋಂದಣಿ ಆದ ವರ್ಷ, ತಯಾರಾದ ವರ್ಷ ಅಲ್ಲ.

ಹಿಂದಿನ ಸೀಟನ್ನು ಎತ್ತಿ. ಕಾರಿನ ನಡುವೆ ಹಾದುಹೋಗುವ ಟನಲ್ ಮೇಲೆ ಚಾಸಿ ನಂಬರ್ ಒತ್ತಿರುತ್ತಾರೆ. 1965ರ ಮಾದರಿಯಿಂದ ಈಚೆಗೆ ಅದನ್ನು ಓದುವುದು ಸುಲಭ. ಮೊದಲ ಎರಡು ಅಂಕಿ 11 ಇದ್ದರೆ ಸಾಮಾನ್ಯ ಬೀಟಲ್. ಮೂರನೆಯ ಅಂಕಿ ಮಾದರಿ ವರ್ಷದ ಕೊನೆಯ ಅಂಕಿ. 118 ಅಂತ ಶುರುವಾದರೆ 1968ರ ಮಾದರಿ. ಆದರೆ ಫೋಕ್ಸ್‌ವ್ಯಾಗನ್ ಲೆಕ್ಕದಲ್ಲಿ ಮಾದರಿ ವರ್ಷ ಆಗಸ್ಟ್‌ನಲ್ಲಿ ಶುರು. 1967ರ ಸೆಪ್ಟೆಂಬರ್‌ನಲ್ಲಿ ತಯಾರಾದ ಕಾರೂ 1968ರ ಮಾದರಿಯೇ.

ಆ 1968ರ ಮಾದರಿಯೇ ದೊಡ್ಡ ಗಡಿ. ಅದಕ್ಕಿಂತ ಹಿಂದಿನವುಗಳಲ್ಲಿ ಹೆಡ್‌ಲ್ಯಾಂಪ್ ಗಾಜು ಮಡ್‌ಗಾರ್ಡ್‌ನ ಇಳಿಜಾರಿಗೆ ಒರಗಿಕೊಂಡಿರುತ್ತದೆ. ಅಲ್ಲಿಂದ ಮುಂದೆ ಲ್ಯಾಂಪ್ ನೆಟ್ಟಗೆ ನಿಲ್ಲುತ್ತದೆ. ಮುಂದಿನ ಮಡ್‌ಗಾರ್ಡ್‌ನ ಆಕಾರವೇ ಬೇರೆ. 1967ರ ಮಾದರಿಯ ಅಮೆರಿಕನ್ ಕಾರಿಗೆ ಮಾತ್ರ ಒಂದು ವರ್ಷ ಮೊದಲೇ ನೆಟ್ಟಗಿನ ಲ್ಯಾಂಪ್ ಬಂತು. ನಿಮ್ಮ ಕಾರು ಯಾವ ದೇಶದಿಂದ ಬಂದದ್ದು ಅನ್ನುವುದೂ ಇದರಿಂದಾಗಿಯೇ ಮುಖ್ಯ. ಹಿಂದಿನ ಮಡ್‌ಗಾರ್ಡ್ 1973ರ ಮಾದರಿಯಲ್ಲಿ ಮತ್ತೆ ಬದಲಾಯಿತು, ದೊಡ್ಡ ಗುಂಡನೆಯ ಟೈಲ್ ಲ್ಯಾಂಪ್‌ಗಾಗಿ. ಯುರೋಪಿನ ಕಾರುಗಳಲ್ಲಿ 1975ರ ಮಾದರಿಯಿಂದ ಮುಂದಿನ ಇಂಡಿಕೇಟರ್ ಬಂಪರ್‌ಗೆ ಇಳಿಯಿತು. ಹಾಗಾಗಿ ಮಡ್‌ಗಾರ್ಡ್ ಮೇಲೆ ಅದರ ತೂತು ಇರುವುದಿಲ್ಲ. 1302 ಮತ್ತು 1303 ಅನ್ನುವ ಮಾದರಿಗಳ, ಅಂದರೆ ಸೂಪರ್ ಬೀಟಲ್‌ಗಳ ಮೂತಿಯೇ ಉದ್ದ. ಅವುಗಳ ಮುಂದಿನ ಮುಚ್ಚಳ ಸಾಮಾನ್ಯ ಬೀಟಲ್‌ಗೆ ಹೊಂದುವುದಿಲ್ಲ. (ಎಂಜಿನ್ ಹಿಂದಿರುವ ಕಾರಲ್ಲಿ ಅದನ್ನು ಬಾನೆಟ್ ಅನ್ನಬೇಕೋ ಡಿಕ್ಕಿ ಅನ್ನಬೇಕೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ.)

ಕಾಗದದ ಕೆಲಸ ಮರೆಯಬೇಡಿ

ಭಾರತದಲ್ಲಿ 50 ವರ್ಷ ದಾಟಿದ ಕಾರುಗಳಿಗೆ 2021ರ ಜುಲೈನಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ನಿಯಮ ಬಂತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಸಿಂಧು 10 ವರ್ಷ. ಕಾರು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್‌ಗಳನ್ನು ಮಾರ್ಪಡಿಸಿ ದೊಡ್ಡ ಬದಲಾವಣೆ ಮಾಡಿರಬಾರದು ಅನ್ನುವುದು ಷರತ್ತು. ಅದೇ ನಮೂನೆಯ ಮಡ್‌ಗಾರ್ಡ್ ಹಾಕುವುದು ರಿಪೇರಿ. ಅಗಲದ ಫೈಬರ್ ಮಡ್‌ಗಾರ್ಡ್ ಹಾಕಿ ಆಕಾರ ಬದಲಿಸುವುದು ಬೇರೆ ಕಥೆ. ಹಳೆಯ ಪ್ಯಾನೆಲ್‌ನ ಫೋಟೊ, ಹೊಸದರ ಬಿಲ್ ಎರಡನ್ನೂ ಫೈಲಿನಲ್ಲಿಡಿ. ಕಾರಿನ ಬಣ್ಣ ಬದಲಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒಗೆ ಹೋಗಿ, ಆಮೇಲೆ ಪೇಂಟರ್ ಹತ್ತಿರ. ವಿಂಟೇಜ್ ನಂಬರ್ ಪಡೆದ ಕಾರನ್ನು ದಿನಾ ಓಡಿಸುವಂತಿಲ್ಲ ಅನ್ನುವುದೂ ನೆನಪಿರಲಿ.

ಪ್ಯಾನೆಲ್ ಕೊಳ್ಳುವಾಗ

ಅಯಸ್ಕಾಂತ, ವರ್ನಿಯರ್ ಕ್ಯಾಲಿಪರ್, ಥಿನ್ನರ್ ಹಾಕಿದ ಬಟ್ಟೆ. ಈ ಮೂರು ಜೊತೆಗಿರಲಿ.

ಅಯಸ್ಕಾಂತ ಯಾಕೆ ಅಂದರೆ, ಗುಜರಿಯಲ್ಲಿ ಸಿಕ್ಕ "ಒರಿಜಿನಲ್" ಮಡ್‌ಗಾರ್ಡ್ ಒಳಗೆ ಎಷ್ಟು ಪುಟ್ಟಿ ಇದೆ ಅಂತ ಅದೇ ಹೇಳುತ್ತದೆ. ಕ್ಯಾಲಿಪರ್‌ನಿಂದ ನಿಮ್ಮ ಹಳೆಯ ಮಡ್‌ಗಾರ್ಡ್‌ನ ತುಕ್ಕಿಲ್ಲದ ಅಂಚನ್ನು ಅಳೆದಿಟ್ಟುಕೊಳ್ಳಿ, ಹೊಸದನ್ನೂ ಅಳೆಯಿರಿ. ತೆಳು ತಗಡಿನ ಮಡ್‌ಗಾರ್ಡ್ ಬೋಲ್ಟ್ ಬಿಗಿದಾಗ ಅಲೆಅಲೆಯಾಗುತ್ತದೆ. ಇನ್ನು ಥಿನ್ನರ್ ಬಟ್ಟೆ. ಹೊಸ ಪ್ಯಾನೆಲ್ ಮೇಲಿನ ಕಪ್ಪು ಲೇಪವನ್ನು ಒಳಭಾಗದಲ್ಲಿ ಒಂದು ಕಡೆ ಉಜ್ಜಿ. ಬಣ್ಣ ಬಟ್ಟೆಗೆ ಬಂದರೆ ಅದು ಸಾಗಣೆಗೆ ಹೊಡೆದ ಅಗ್ಗದ ಪೇಂಟ್, ಪೂರ್ತಿ ತೆಗೆಯಬೇಕು. ಬಾರದೇ ಗಟ್ಟಿಯಾಗಿ ನಿಂತರೆ ಎಲೆಕ್ಟ್ರೊ ಕೋಟಿಂಗ್, ಅಂದರೆ ವಿದ್ಯುತ್ ಹಾಯಿಸಿ ಹಿಡಿಸಿದ ಗಟ್ಟಿ ಲೇಪ. ಮೇಲೆ ಎಮರಿ ಎಳೆದು ಅದರ ಮೇಲೆಯೇ ಪ್ರೈಮರ್ ಹೊಡೆಯಬಹುದು.

ಇನ್ನೊಂದು ಮಾತು. ಹಳೆಯ ಒರಿಜಿನಲ್ ಪ್ಯಾನೆಲ್ ಅಲ್ಪಸ್ವಲ್ಪ ತುಕ್ಕು ಹಿಡಿದಿದ್ದರೆ, ಒಳ್ಳೆಯ ಟಿಂಕರಿಂಗ್ ಮಾಡುವವರು ಗೊತ್ತಿದ್ದರೆ, ಅದನ್ನೇ ಸರಿ ಮಾಡಿಸುವುದು ಮೇಲು. ಕಾರ್ಖಾನೆಯ ಅಚ್ಚಿನಲ್ಲಿ ಒತ್ತಿದ ಆಕಾರ ಮತ್ತೆ ಸಿಗುವುದಿಲ್ಲ. ಹೊಸದು ಬಂದು ಪೂರ್ತಿ ಕೂರುವವರೆಗೂ ಹಳೆಯದನ್ನು ಗುಜರಿಗೆ ಕೊಡಬೇಡಿ. ತೂತಿನ ಜಾಗ, ಅಂಚಿನ ಬಾಗು ಎಲ್ಲದಕ್ಕೂ ಅದೇ ಅಳತೆಗೋಲು.

ಬೋಲ್ಟ್‌ಗಳನ್ನು ಬೆಂಗಳೂರಿನ ಜೆಸಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೇ ತೆಗೆದುಕೊಳ್ಳಬಹುದು. ಮಡ್‌ಗಾರ್ಡ್‌ನವು ಎಂ8, ಅಂದರೆ ಎಂಟು ಎಂಎಂ ದಪ್ಪ, 1.25 ಪಿಚ್ (ಥ್ರೆಡ್‌ನಿಂದ ಥ್ರೆಡ್‌ಗೆ 1.25 ಎಂಎಂ). ಸ್ಟೇನ್‌ಲೆಸ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ನಾನು ಜಿಂಕ್ ಲೇಪದ್ದನ್ನೇ ಹಾಕುತ್ತೇನೆ. ಕಬ್ಬಿಣದ ನಟ್ ಜೊತೆ ಸ್ಟೇನ್‌ಲೆಸ್ ಬೋಲ್ಟ್ ಕೂತರೆ ತೇವದಲ್ಲಿ ತುಕ್ಕು ನಟ್‌ಗೆ ಹಿಡಿಯುತ್ತದೆ. ಬೋಲ್ಟ್ ಬದಲಿಸುವುದು ಸುಲಭ, ಬಾಡಿಯೊಳಗೆ ಕೂತ ನಟ್ ಬದಲಿಸುವುದು ಅಲ್ಲ.

ಬಿಚ್ಚುವುದು

ಬ್ಯಾಟರಿ ಹಿಂದಿನ ಸೀಟಿನ ಕೆಳಗೆ ಬಲಗಡೆ ಇದೆ. ಮೊದಲು ಅದರ ನೆಗೆಟಿವ್ ತಂತಿ ತೆಗೆಯಿರಿ. ಕಾರನ್ನು ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ಬಿಚ್ಚಿ. ಪಕ್ಕದ ಜಾಕ್ ಪಾಯಿಂಟ್ ಕೊಳೆತಿರಬಹುದು, ಅದನ್ನು ನಂಬಿ ಎತ್ತಬೇಡಿ.

ಕ್ರಮ ಹೀಗಿರಲಿ: ಬಂಪರ್, ಲ್ಯಾಂಪ್‌ಗಳು, ಫುಟ್‌ಬೋರ್ಡ್, ಕೊನೆಗೆ ಮಡ್‌ಗಾರ್ಡ್. ಬಂಪರ್ ಮೊದಲು ಯಾಕೆ ಅಂದರೆ ಅದರ ಬ್ರಾಕೆಟ್ ಮಡ್‌ಗಾರ್ಡ್‌ನ ಸೀಳಿನ ಮೂಲಕ ಹೊರಗೆ ಬಂದಿರುತ್ತದೆ. ಅದರ ಬೋಲ್ಟ್‌ಗಳು ಚಕ್ರದ ಗೂಡಿನ ಒಳಗಡೆಯಿಂದ ಕೈಗೆ ಸಿಗುತ್ತವೆ. ಲ್ಯಾಂಪ್ ತಂತಿಗಳಿಗೆ ಒಂದೊಂದಕ್ಕೂ ಟೇಪ್ ಸುತ್ತಿ ಹೆಸರು ಬರೆಯಿರಿ. ಎಡ ಮುಂಭಾಗದ ಮಡ್‌ಗಾರ್ಡ್ ಕೆಳಗೆ ಹಾರ್ನ್ ಇದೆ, ಅದರ ತಂತಿಯನ್ನೂ.

ಈಗ ಮಡ್‌ಗಾರ್ಡ್. ಒಂದೊಂದಕ್ಕೆ ಒಂಬತ್ತು ಹತ್ತು ಬೋಲ್ಟ್ ಇರುತ್ತವೆ. ಹಿಂದಿನ ದಿನವೇ ಎಲ್ಲಕ್ಕೂ ತುಕ್ಕು ಬಿಡಿಸುವ ಎಣ್ಣೆ ಹೊಡೆದು ನೆನೆಯಲು ಬಿಡಿ. ಬೆಳಗ್ಗೆ ಇನ್ನೊಮ್ಮೆ ಹೊಡೆಯಿರಿ. ತಂತಿ ಬ್ರಷ್‌ನಿಂದ ತಲೆಯ ಮಣ್ಣು ತೆಗೆದು ಸಾಕೆಟ್ ಕೂರಿಸಿ. ಮೊದಲು ಸ್ವಲ್ಪ ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ. ಒಂದೇ ಉಸಿರಿಗೆ ಎಳೆದರೆ ಮುರಿಯುತ್ತದೆ.

ಬರಲೇ ಇಲ್ಲ ಅಂದರೆ ಟಾರ್ಚ್‌ನಿಂದ ಬೋಲ್ಟ್ ಕಾಯಿಸಬೇಕು. ಇಲ್ಲಿ ಒಂದು ಎಚ್ಚರ: ಬೀಟಲ್‌ನ ಪೆಟ್ರೋಲ್ ಟ್ಯಾಂಕ್ ಇರುವುದು ಮುಂದೆ, ಆ ಎರಡು ಮಡ್‌ಗಾರ್ಡ್‌ಗಳ ನಡುವೆ. ಮುಂಭಾಗದಲ್ಲಿ ಗ್ಯಾಸ್ ಟಾರ್ಚ್ ಅಥವಾ ಗ್ರೈಂಡರ್ ಮುಟ್ಟುವ ಮೊದಲು ಟ್ಯಾಂಕ್ ಬಿಚ್ಚಿ ದೂರ ಇಡಿ. ಖಾಲಿ ಮಾಡಿದರೆ ಸಾಲದು. ಖಾಲಿ ಟ್ಯಾಂಕ್‌ನ ಆವಿಯೇ ಹೆಚ್ಚು ಅಪಾಯ.

ಬೋಲ್ಟ್ ಜೊತೆ ಒಳಗಿನ ನಟ್ಟೂ ಸುತ್ತುತ್ತಿದ್ದರೆ, ಬೋಲ್ಟ್ ತಲೆಯನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ. ಒಳಗೆ ಕೈ ಹೋಗುವ ಕಡೆ ಹೊಸ ನಟ್ ವೆಲ್ಡ್ ಮಾಡಿಸಿ. ಮುಚ್ಚಿದ ಭಾಗವಾದರೆ ಎಂ8 ರಿವೆಟ್ ನಟ್ (ಹೊರಗಿನಿಂದಲೇ ತೂತಿಗೆ ಹಿಡಿಸುವ ನಟ್) ಕೂರಿಸಬಹುದು. ಉಳಿದ ಎಲ್ಲ ನಟ್‌ಗಳಿಗೂ ಎಂ8 ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ಥ್ರೆಡ್ ಶುದ್ಧ ಮಾಡಿ. ಕೈಯಲ್ಲೇ ಬೋಲ್ಟ್ ಕೊನೆಯವರೆಗೆ ಹೋಗಬೇಕು. ಹೋಗದಿದ್ದರೆ ಮುಂದಿನ ಹೆಜ್ಜೆ ಇಡಬೇಡಿ.

ಬಾಗಿಲಿನಿಂದ ಶುರು

ಮಡ್‌ಗಾರ್ಡ್ ಬಿಚ್ಚಿದಾಗ ಅಳತೆಗಳೆಲ್ಲ ಬಾಯಿ ಬಿಡುತ್ತವೆ. ಬಾಗಿಲಿನ ಸುತ್ತಲಿನ ಸಂದನ್ನು ಈಗಲೇ ನೋಡಿ. ಸಂದು ಅಳೆಯಲು ದುಬಾರಿ ಗೇಜ್ ಬೇಡ. ಬ್ಯಾಂಕ್ ಕಾರ್ಡ್ ಒಂದರ ದಪ್ಪ 0.76 ಎಂಎಂ. ಅವಧಿ ಮುಗಿದ ಐದು ಕಾರ್ಡ್ ಸೇರಿಸಿ ಟೇಪ್ ಸುತ್ತಿದರೆ ಸುಮಾರು 3.8 ಎಂಎಂ. ಬಾಗಿಲಿನ ಸುತ್ತ ಅದು ಒಂದೇ ಹದದಲ್ಲಿ ಓಡಾಡಿದರೆ ಸಾಕು. ಅಂಕಿಗಿಂತ ಸಮ ಇರುವುದು ಮುಖ್ಯ.

ಮೇಲಿನ ಸಂದಿಗೂ ಕೆಳಗಿನ ಸಂದಿಗೂ ತಾಳೆ ಇಲ್ಲ, ಬಾಗಿಲು ಎಲ್ಲೋ ತಾಗುತ್ತಿದೆ ಅಂದರೆ ಮೊದಲೇ ಹಿಂಜ್ ತಿರುಗಿಸಲು ಹೋಗಬೇಡಿ. ಬಾಡಿಯ ಎರಡೂ ಬದಿಗೆ ಕೆಳಗೆ ಹಾದುಹೋಗುವ ಹೀಟರ್ ಚಾನೆಲ್ ನೋಡಿ. ಬಾಡಿಯ ಬಲ ನಿಂತಿರುವುದೇ ಅದರ ಮೇಲೆ. ಅದು ಕೊಳೆತಿದ್ದರೆ ಬಾಡಿ ನಡುವಲ್ಲಿ ಬಗ್ಗಿರುತ್ತದೆ, ಎಂಥ ಹೊಸ ಬಾಗಿಲು ತಂದರೂ ಕೂರುವುದಿಲ್ಲ. ಮಂಗಳೂರು, ಕಾರವಾರದ ಕಡೆ ಇದ್ದ ಕಾರುಗಳಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡದೆ ಮುಂದೆ ಹೋಗಲೇಬೇಡಿ. ಚಾನೆಲ್ ಬದಲಿಸುವುದು ದೊಡ್ಡ ವೆಲ್ಡಿಂಗ್ ಕೆಲಸ. ಬಾಗಿಲಿನ ಚೌಕಟ್ಟಿಗೆ ಅಡ್ಡ ಪೈಪ್ ವೆಲ್ಡ್ ಮಾಡಿ ಬಿಗಿಗೊಳಿಸಿದ ಮೇಲಷ್ಟೇ ಕತ್ತರಿಸಬೇಕು. ಅದು ಗೊತ್ತಿದ್ದವರಿಗೆ ಬಿಡಿ.

ಚಾನೆಲ್ ಚೆನ್ನಾಗಿದ್ದು ಬಾಗಿಲು ಮಾತ್ರ ಬದಲಿಸುವುದಾದರೆ ಹೀಗೆ ಮಾಡಿ. ಹಿಂಜ್ ಸುತ್ತ ಕಂಬದ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಳ್ಳಿ. ಬಾಗಿಲು ಜಾಸ್ತಿ ತೆರೆಯದಂತೆ ಹಿಡಿಯುವ ಪಟ್ಟಿಯ ಪಿನ್ ತೆಗೆಯಿರಿ. ಹಿಂಜ್ ಸ್ಕ್ರೂಗಳು ಭಯಂಕರ ಬಿಗಿ. ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆಯುತ್ತದೆ, ಅಷ್ಟೇ. ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಸರಿಯಾದ ಬಿಟ್ ಕೂರಿಸಿ, ನೆಟ್ಟಗೆ ಹಿಡಿದು, ಭಾರದ ಸುತ್ತಿಗೆಯಿಂದ ಹೊಡೆಯಿರಿ. ಬಾಗಿಲನ್ನು ಕೆಳಗಿನಿಂದ ಹಿಡಿಯಲು ಇನ್ನೊಬ್ಬರು ಇರಲೇಬೇಕು.

ಹೊಸ ಬಾಗಿಲನ್ನು ಮೊದಲು ರಬ್ಬರ್ ಇಲ್ಲದೆ, ಲಾಕ್ ಕೂರುವ ಸ್ಟ್ರೈಕರ್ ಪ್ಲೇಟ್ ಇಲ್ಲದೆ ತೂಗುಹಾಕಿ. ಸ್ಟ್ರೈಕರ್ ಇದ್ದರೆ ಅದು ಬಾಗಿಲನ್ನು ಎತ್ತಿ ಹಿಡಿದು ಸುಳ್ಳು ಹೇಳುತ್ತದೆ. ಕಂಬದ ಒಳಗಿನ ಹಿಂಜ್ ಪ್ಲೇಟ್‌ಗೆ ಸ್ವಲ್ಪ ಅಲುಗಾಡುವ ಜಾಗ ಇದೆ. ಮೇಲೆ, ಕೆಳಗೆ, ಮುಂದೆ, ಹಿಂದೆ ಸರಿಸಿ ಸಂದು ಸಮ ಮಾಡಿ. ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಬಾಗಿಲಿನ ಹಿಂದಿನ ಬಾಡಿ ಭಾಗ) ಮೇಲಿನ ಉಬ್ಬು ಗೆರೆ ಬಾಗಿಲಿನ ಗೆರೆಗೆ ಕೂಡಬೇಕು. ಈ ಗೆರೆ ತಪ್ಪಿದರೆ ಮುಂದೆ ಸ್ಟ್ರಿಪ್ ಹಾಕಿದಾಗ ಹತ್ತು ಅಡಿ ದೂರದಿಂದ ಕಾಣುತ್ತದೆ. ಆಮೇಲೆ ಸ್ಟ್ರೈಕರ್ ಹಾಕಿ, ಕೊನೆಗೆ ರಬ್ಬರ್ ಹಾಕಿ. ಹೊಸ ರಬ್ಬರ್ ಹಾಕಿದ ದಿನ ಬಾಗಿಲು ಸ್ವಲ್ಪ ಹೊರಗೆ ನಿಲ್ಲುವುದು ಸಹಜ. ಬೆರಳಿನ ದಪ್ಪ ನಿಂತರೆ ರಬ್ಬರ್ ತಪ್ಪು ನಮೂನೆಯದ್ದು.

ಮಡ್‌ಗಾರ್ಡ್ ಕೂರಿಸಿ ನೋಡುವುದು

ಬೀಟಲ್‌ನಲ್ಲಿ ಬಾಡಿಗೂ ಮಡ್‌ಗಾರ್ಡ್‌ಗೂ ನಡುವೆ ಬೀಡಿಂಗ್ ಬರುತ್ತದೆ. ಅದಕ್ಕೂ ದಪ್ಪ ಇದೆ. ಬೀಡಿಂಗ್ ಇಲ್ಲದೆ ಕೂರಿಸಿ "ಸರಿಯಾಯ್ತು" ಅಂದರೆ, ಬೀಡಿಂಗ್ ಹಾಕಿದಾಗ ಎಲ್ಲ ತೂತುಗಳೂ ಒಂದಿಷ್ಟು ಜರುಗುತ್ತವೆ. ಆದ್ದರಿಂದ ಪರೀಕ್ಷೆಗೆ ಹಳೆಯ ಬೀಡಿಂಗನ್ನೇ ಹಾಕಿ.

ಮೇಲಿನ ನಡುವಿನ ಬೋಲ್ಟನ್ನು ಮೊದಲು ಕೈಯಲ್ಲಿ ಹಿಡಿಸಿ. ಆಮೇಲೆ ಎರಡೂ ಕಡೆಗೆ ಒಂದೊಂದಾಗಿ ಇಳಿಯುತ್ತಾ ಬನ್ನಿ. ಯಾವುದನ್ನೂ ಬಿಗಿಯಬೇಡಿ. ನಾಲ್ಕೈದು ಎಂಎಂ ಸಡಿಲ ಇರಲಿ. ಒಂದು ತೂತು ಕೂಡದಿದ್ದರೆ ಕಬ್ಬಿಣದ ಸಲಾಕೆ ಹಾಕಿ ಎಳೆಯುವುದು ಎಲ್ಲ ಕಡೆ ನಡೆಯುವ ಕೆಲಸ. ಅದರಿಂದ ಪ್ಯಾನೆಲ್ ಯಾವಾಗಲೂ ಒತ್ತಡದಲ್ಲಿ ಇರುತ್ತದೆ, ಒಂದು ವರ್ಷದಲ್ಲಿ ಬೋಲ್ಟ್ ಪಕ್ಕದಲ್ಲೇ ಬಣ್ಣ ಸೀಳುತ್ತದೆ. ತೂತನ್ನು ಗುಂಡು ಅರದಿಂದ ಉಜ್ಜಿ ಅಗಲ ಮಾಡಿ, ದೊಡ್ಡ ವಾಷರ್ ಹಾಕಿ. ಪೂರ್ತಿ ಅಂಚೇ ಬಾಡಿಯ ಬಾಗಿಗೆ ಹೊಂದದಿದ್ದರೆ ಒಳಗಡೆ ಡಾಲಿ (ಆಸರೆಗೆ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಸರಿ ಮಾಡಿ. ಸುಮ್ನೆ ಬೀಡಿಂಗ್ ಮುಚ್ಚಿಕೊಳ್ಳುತ್ತದೆ ಅಂದುಕೊಳ್ಳಬೇಡಿ.

ಎಲ್ಲ ಬೋಲ್ಟ್ ಕೂತ ಮೇಲೆ ಈ ನಾಲ್ಕನ್ನು ನೋಡಿ. ಹೆಡ್‌ಲ್ಯಾಂಪ್ ರಿಂಗ್ ಸುತ್ತಲೂ ಸಮವಾಗಿ ಕೂರುತ್ತದಾ? ಟೈಲ್ ಲ್ಯಾಂಪ್ ತಳ ಮಡ್‌ಗಾರ್ಡ್ ಉಬ್ಬಿಗೆ ಅಂಟುತ್ತದಾ? ಬಂಪರ್ ಬ್ರಾಕೆಟ್ ಸೀಳಿನ ನಡುವೆ ಬರುತ್ತದಾ, ಅಂಚಿಗೆ ತಾಗುತ್ತದಾ? ಎಡಬಲ ಟೈರ್‌ಗಳಿಂದ ಮಡ್‌ಗಾರ್ಡ್ ಅಂಚಿಗೆ ಇರುವ ದೂರ ಹೆಚ್ಚುಕಡಿಮೆ ಒಂದೇ ಇದೆಯಾ? ಹೊಸ ಪ್ಯಾನೆಲ್‌ಗಳು ಜಾಸ್ತಿ ಕೈಕೊಡುವುದು ಹೆಡ್‌ಲ್ಯಾಂಪ್ ಬಟ್ಟಲಿನಲ್ಲಿ.

ಆಮೇಲೆ ಫುಟ್‌ಬೋರ್ಡ್. ಅದು ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡ್ ಎರಡಕ್ಕೂ ಕೂಡುತ್ತದೆ. ಹಾಗಾಗಿ ಮಡ್‌ಗಾರ್ಡ್ ಎತ್ತರ ತಪ್ಪಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಬಾಡಿ ಕಡೆಯ ಸಣ್ಣ ಬೋಲ್ಟ್‌ಗಳನ್ನು ಸಡಿಲವಾಗಿ ಹಿಡಿಸಿ, ಎರಡೂ ತುದಿಯಲ್ಲಿ ಮಡ್‌ಗಾರ್ಡ್‌ಗೂ ಫುಟ್‌ಬೋರ್ಡ್‌ಗೂ ನಡುವೆ ರಬ್ಬರ್ ವಾಷರ್ ಇಟ್ಟು ಬೋಲ್ಟ್ ಹಾಕಿ. ಆ ರಬ್ಬರ್ ಬಿಟ್ಟರೆ ಲೋಹಕ್ಕೆ ಲೋಹ ಉಜ್ಜಿ ಅಲ್ಲೇ ತುಕ್ಕು ಶುರು.

ಸ್ಟ್ರಿಪ್‌ಗಳ ತೂತುಗಳನ್ನು ಈ ಹಂತದಲ್ಲೇ ಕೊರೆಯಿರಿ. ಹೊಸ ಬಾಗಿಲಿಗೆ ತೂತು ಇಲ್ಲದಿದ್ದರೆ ಹಿಂದಿನ ಪ್ಯಾನೆಲ್‌ನ ತೂತಿನಿಂದ ಮುಂದಿನ ಪ್ಯಾನೆಲ್‌ನ ತೂತಿಗೆ ಮಾಸ್ಕಿಂಗ್ ಟೇಪ್ ಎಳೆದು, ಅದರ ಮೇಲೆ ಗುರುತು ಹಾಕಿ. ಬಾಗಿಲು ಮುಚ್ಚಿರುವಾಗಲೇ ಗುರುತು ಮಾಡಬೇಕು.

ಬಣ್ಣ

ಎಲ್ಲವನ್ನೂ ಬಿಚ್ಚಿ. ಬರಿ ಲೋಹ ಕಾಣುವ ಕಡೆಯೆಲ್ಲ ಎಪಾಕ್ಸಿ ಪ್ರೈಮರ್ ಹೊಡೆಸಿ. ಸಾಮಾನ್ಯ ಸರ್ಫೇಸರ್ (ಉಜ್ಜಿ ನುಣುಪು ಮಾಡುವ ಪ್ರೈಮರ್) ನೀರು ಹೀರುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ವಾರಗಟ್ಟಲೆ ಬಿಟ್ಟ ಕಾರು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಕೊರೆದ, ಉಜ್ಜಿದ ತೂತುಗಳ ಅಂಚಿಗೆ ಬ್ರಷ್‌ನಲ್ಲಿ ಹಚ್ಚಿ, ಸ್ಪ್ರೇ ಅಲ್ಲಿಗೆ ತಲುಪುವುದಿಲ್ಲ. ಮಡ್‌ಗಾರ್ಡ್‌ಗಳನ್ನು ಬಿಡಿಯಾಗಿಯೇ ಪೇಂಟ್ ಮಾಡಿಸಿ. ಕಾರಿನ ಮೇಲೆ ಇಟ್ಟು ಬೀಡಿಂಗ್ ಸಮೇತ ಹೊಡೆದ ಬಣ್ಣ, ಬೀಡಿಂಗ್ ಅಲುಗಿದಾಗ ಉದುರುತ್ತದೆ. ಒಂದೇ ದಿನ, ಒಂದೇ ಕಲಸಿನ ಬಣ್ಣದಲ್ಲಿ ಬಾಡಿಯೂ ಬಿಡಿಭಾಗವೂ ಮುಗಿಯಲಿ. ಮಡ್‌ಗಾರ್ಡ್ ಒಳಗಡೆಗೆ ಕಲ್ಲು ಸಿಡಿತ ತಡೆಯುವ ಕೋಟಿಂಗ್ ಬೇಕು, ಆದರೆ ಬೋಲ್ಟ್ ಕೂರುವ ಅಂಚಿಗೆ ಬೇಡ.

ಕೊನೆಯ ಜೋಡಣೆ

ಬಣ್ಣ ಗಟ್ಟಿಯಾಗಲು ಪೇಂಟರ್ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿ ದಿನ ಬಿಡಿ. ಬಾಡಿಯ ಅಂಚಿಗೆ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ. ಬೋಲ್ಟ್‌ಗಳಿಗೆ ಕಾಪರ್ ಗ್ರೀಸ್ ಹಚ್ಚಿ.

ಮಡ್‌ಗಾರ್ಡನ್ನು ಹಿಂದಿನ ಕ್ರಮದಲ್ಲೇ ಸಡಿಲವಾಗಿ ತೂಗುಹಾಕಿ. ಈಗ ಹೊಸ ಬೀಡಿಂಗನ್ನು ಸಂದಿಗೆ ಇಳಿಸಿ. ಅದರ ಅಂಚಿನಲ್ಲಿ ಬೋಲ್ಟ್‌ಗಾಗಿ ಕಚ್ಚುಗಳಿರುತ್ತವೆ, ಒಂದೊಂದು ಕಚ್ಚೂ ಒಂದೊಂದು ಬೋಲ್ಟ್ ಮೇಲೆ ಸವಾರಿ ಮಾಡಬೇಕು. ಕಚ್ಚು ಸರಿಯಾದ ಜಾಗಕ್ಕೆ ಬರದಿದ್ದರೆ ಕತ್ತರಿಯಲ್ಲಿ ಹೊಸದಾಗಿ ಮಾಡಿಕೊಳ್ಳಿ. ಬೀಡಿಂಗನ್ನು ಎಳೆದು ಉದ್ದ ಮಾಡಬೇಡಿ, ಬಿಸಿಲಿಗೆ ಕುಗ್ಗಿ ತುದಿಯಲ್ಲಿ ಸಂದು ಬಿಡುತ್ತದೆ. ಮೇಲಿನ ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ. ಪ್ರತಿ ಸುತ್ತಿಗೂ ಬೆರಳಿನಿಂದ ಬೀಡಿಂಗ್ ಮೇಲೆ ಸವರಿ, ಎಲ್ಲೂ ಒಳಗೆ ಮುಳುಗಿರಬಾರದು. ಉದ್ದ ಹಿಡಿಯ ಸ್ಪಾನರ್ ಬೇಡ. ಒಳಗಿನ ನಟ್‌ನ ವೆಲ್ಡ್ ಕಿತ್ತುಕೊಂಡರೆ ಬಣ್ಣ ಹೊಡೆದ ಕಾರಿಗೆ ಮತ್ತೆ ಗ್ರೈಂಡರ್ ಹಾಕಬೇಕು, ಬೇಕಾ ಅದು?

ಸ್ಟ್ರಿಪ್ ಮತ್ತು ಗಾಜಿನ ರಬ್ಬರ್

ಪಕ್ಕದ ಸ್ಟ್ರಿಪ್‌ಗಳು ಅಲ್ಯೂಮಿನಿಯಂ, ಬೇಗ ಮಡಚಿಕೊಳ್ಳುತ್ತವೆ. ಕ್ಲಿಪ್ ತೂತಿಗೆ ಒಂದು ಚೂರು ವ್ಯಾಕ್ಸ್ ಹಚ್ಚಿ, ಕ್ಲಿಪ್ ಜೊತೆ ಅದರ ಸೀಲ್ ಹಾಕಿ ಒತ್ತಿ. ಸೀಲ್ ಬಿಟ್ಟರೆ ಬಾಗಿಲೊಳಗೆ ನೀರು. ನಂತರ ಸ್ಟ್ರಿಪ್‌ನ ಮೇಲಂಚನ್ನು ಕ್ಲಿಪ್‌ಗೆ ಸಿಕ್ಕಿಸಿ, ಕೆಳಂಚನ್ನು ಅಂಗೈಯಿಂದ ಒತ್ತಿ. ಸುತ್ತಿಗೆ ಹತ್ತಿರ ಬರದಿರಲಿ. ಬಾಗಿಲಿನ ಸ್ಟ್ರಿಪ್‌ಗೂ ಮುಂದಿನ ಪ್ಯಾನೆಲ್‌ನ ಸ್ಟ್ರಿಪ್‌ಗೂ ಎರಡು ಮೂರು ಎಂಎಂ ಅಂತರ ಬಿಟ್ಟು, ಬಾಗಿಲನ್ನು ಮೆಲ್ಲಗೆ ತೆರೆದು ತಾಗುತ್ತದಾ ನೋಡಿ.

ಗಾಜಿನ ಸುತ್ತ ಹೊಳೆಯುವ ಪಟ್ಟಿ ಇರುವ ಕಾರಾದರೆ, ಆ ಪಟ್ಟಿಯನ್ನು ಗಾಜು ಕಾರಿಗೆ ಹೋಗುವ ಮೊದಲೇ ರಬ್ಬರ್‌ಗೆ ಕೂರಿಸಬೇಕು. ರಬ್ಬರನ್ನು ಬಿಸಿಲಿಗೆ ಇಟ್ಟು ಮೆತ್ತಗಾಗಿಸಿ, ಗಾಜಿಗೆ ಸುತ್ತಿ, ಪಟ್ಟಿ ಒತ್ತಿ. ಆಮೇಲೆ ರಬ್ಬರ್‌ನ ಹೊರಗಿನ ಕಾಲುವೆಯಲ್ಲಿ, ಪೈಜಾಮಕ್ಕೆ ಲಾಡಿ ತೂರಿಸಿದ ಹಾಗೆ, ಗಟ್ಟಿ ನೈಲಾನ್ ದಾರ ಸುತ್ತಿ ಎರಡೂ ತುದಿಯನ್ನು ಕೆಳಗಿನ ನಡುವಲ್ಲಿ ಅಡ್ಡಹಾಯಿಸಿ ಬಿಡಿ. ಸೋಪಿನ ನೀರು ಹಚ್ಚಿ. ಹೊರಗಿನಿಂದ ಒಬ್ಬರು ಗಾಜನ್ನು ಅಂಗೈಯಿಂದ ಒತ್ತಿ ಹಿಡಿಯಬೇಕು, ಒಳಗೆ ಕೂತವರು ದಾರವನ್ನು ಗಾಜಿನ ನಡುವಿನ ಕಡೆಗೆ ಎಳೆಯುತ್ತಾ ಹೋಗಬೇಕು. ರಬ್ಬರ್‌ನ ತುಟಿ ತಾನಾಗಿ ಬಾಡಿಯ ಅಂಚು ದಾಟಿ ಒಳಗೆ ಬರುತ್ತದೆ. ಒಂದು ಕಡೆ ಸಿಕ್ಕಿಕೊಂಡರೆ ಜಗ್ಗಬೇಡಿ. ಹೊರಗಿನವರಿಗೆ ಅಲ್ಲೇ ತಟ್ಟಲು ಹೇಳಿ.

ನೀರು, ವ್ಯಾಕ್ಸ್, ಮತ್ತೊಮ್ಮೆ ಸ್ಪಾನರ್

ಪೈಪಿನಲ್ಲಿ ನೀರು ಬಿಟ್ಟು ನೋಡಿ, ಆದರೆ ಪ್ರೆಷರ್ ವಾಷರ್ ಅಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗಕ್ಕೆ ಬಿಡಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಮೇಲಿನಿಂದ ಸುರಿದರೆ ಎಲ್ಲಿಂದ ಸೋರಿತು ಅಂತ ಗೊತ್ತಾಗುವುದಿಲ್ಲ. ಬಾಗಿಲಿನ ತಳದ ನೀರು ಹೋಗುವ ತೂತುಗಳಲ್ಲಿ ಪೇಂಟ್ ತುಂಬಿರುತ್ತದೆ, ತಂತಿ ಹಾಕಿ ಬಿಡಿಸಿ. ಒಣಗಿದ ಮೇಲೆ ಬಾಗಿಲೊಳಗೆ, ಹೀಟರ್ ಚಾನೆಲ್ ಹೊರ ಅಂಚಿಗೆ, ಮಡ್‌ಗಾರ್ಡ್ ಬೋಲ್ಟ್ ಸಾಲಿಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗಗಳಿಗೆ ಹೊಡೆಯುವ, ತುಕ್ಕು ತಡೆಯುವ ಮೇಣ) ಹೊಡೆಯಿರಿ. ಲ್ಯಾಂಪ್, ಇಂಡಿಕೇಟರ್, ಹಾರ್ನ್ ಎಲ್ಲವನ್ನೂ ಹಾಕಿ ನೋಡಿ. ಲ್ಯಾಂಪ್ ಮಂದವಾಗಿದ್ದರೆ ಬಲ್ಬ್ ಬದಲಿಸುವ ಮೊದಲು ಅರ್ತಿಂಗ್ (ತಂತಿ ಬಾಡಿಯ ಲೋಹಕ್ಕೆ ತಾಗುವ ಜಾಗ) ನೋಡಿ, ಹೊಸ ಬಣ್ಣ ಅದನ್ನು ಮುಚ್ಚಿರುತ್ತದೆ.

ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಬೀಡಿಂಗ್ ಒತ್ತಿಕೊಂಡು ಬೋಲ್ಟ್‌ಗಳು ಸ್ವಲ್ಪ ಸಡಿಲವಾಗಿರುತ್ತವೆ. ಚಕ್ರ ಬಿಚ್ಚಿ, ಅದೇ ನಡುವಿನಿಂದ ತುದಿಯ ಕ್ರಮದಲ್ಲಿ ಒಂದೊಂದನ್ನೂ ಕಾಲು ಸುತ್ತು ಬಿಗಿಯಿರಿ. ಫುಟ್‌ಬೋರ್ಡ್ ತುದಿಯ ಬೋಲ್ಟ್‌ಗಳನ್ನೂ.